ಬೇಲಿಗೂ ಪರವಾನಗಿಯೇ?

ಮಳೆಗಾಲ ಮುಗಿಯುತ್ತಲೇ ಭಾಂಡುಪಿನ ಓಣಿಗಳಲ್ಲಿ ಇಟ್ಟಿಗೆ, ಮರಳು ಬಂದು ಬೀಳುತ್ತವೆ. ಒಬ್ಬರು ಖೋಲಿಯ ಮುಂದೆ ಮೋಟುಗೋಡೆ ಎಬ್ಬಿಸುತ್ತಾರೆ. ಇನ್ನೊಬ್ಬರು ಹೋಟೆಲಿನ ಮುಂಗಡೆ ಕಬ್ಬಿಣದ ಕಟಾಂಜನ ನಿಲ್ಲಿಸುತ್ತಾರೆ. ಬೇಲಿಗೂ ಪರವಾನಗಿಯೇ ಎಂಬುದು ಎಲ್ಲರ ಪ್ರಶ್ನೆ. ಹೋಟೆಲು ನಡೆಸುತ್ತಿದ್ದಾಗ ನಾವೂ ಹೀಗೆಯೇ ಕೇಳಿದ್ದುಂಟು. ಗುತ್ತಿಗೆದಾರನ ಮಾತು ನಂಬಿ ಹಾಕಿಸಿದ ಕಟಾಂಜನವನ್ನು ಒಂದು ಬೆಳಗ್ಗೆ ಲಾರಿಯಲ್ಲಿ ಹೇರಿಕೊಂಡು ಹೋದುದನ್ನು ಗಲ್ಲೆಯಲ್ಲಿ ಕುಳಿತೇ ನೋಡಿದ್ದೂ ಉಂಟು. ತಪ್ಪು ನಮ್ಮದೇ ಆಗಿತ್ತು.

ಈ ಪ್ರಶ್ನೆಗೆ ಉತ್ತರವು ಬೇಲಿಯ ಉದ್ದದಲ್ಲಿಲ್ಲ. ಅದು ನಿಂತಿರುವ ನೆಲದಲ್ಲಿದೆ.

ನೆಲವು ಸ್ವಂತದ್ದಾದರೆ ಮಾತು ಸರಳ. ಬೃಹನ್ಮುಂಬಯಿಗೆ ಸೇರಿದ ಭಾಂಡುಪು ಇಂದು ಮಹಾನಗರಪಾಲಿಕೆಯ ಎಸ್ ವಾರ್ಡಿಗೆ ಒಳಪಟ್ಟಿದೆ. ಇಲ್ಲಿಯ ಕಟ್ಟಡ ನಿಯಮಗಳು ಜಾಗವನ್ನು ಸುತ್ತುವರಿಯುವ ಗೋಡೆಯನ್ನೂ ಕಟ್ಟಡವೆಂದೇ ಎಣಿಸುತ್ತವೆ. ಆದುದರಿಂದ ಪ್ರಾಪರ್ಟಿ ಕಾರ್ಡು, ನಕ್ಷೆಗಳೊಡನೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯತಕ್ಕದ್ದು. ಜಾಗವು ಸೊಸೈಟಿಯದಾದರೆ ಅರ್ಜಿಯೂ ಸೊಸೈಟಿಯದೇ ಆಗಿರಬೇಕು. ಅನುಮತಿಯಿಲ್ಲದೆ ಕಟ್ಟಿದವನಿಗೆ 1888ರ ಮುನಿಸಿಪಲ್ ಕಾಯಿದೆಯ 351ನೆಯ ಕಲಮಿನಂತೆ ಕಾರಣ ಕೇಳುವ ನೋಟೀಸು ಬರುತ್ತದೆ.

ನೆಲವು ರಸ್ತೆಯದಾದರೆ ಕಾಯಿದೆಯ ಮುಖವೇ ಬೇರೆ. 312ನೆಯ ಕಲಮು ಗೋಡೆ, ಬೇಲಿ, ಕಂಬ, ಮೆಟ್ಟಿಲುಗಳನ್ನು ಹೆಸರಿಸಿಯೇ ನಿಷೇಧಿಸುತ್ತದೆ. 314ನೆಯ ಕಲಮು ಅವನ್ನು ನೋಟೀಸಿಲ್ಲದೆಯೂ ತೆಗೆಸುವ ಅಧಿಕಾರವನ್ನು ಕಮಿಷನರರಿಗೆ ಕೊಡುತ್ತದೆ. 1985ರ ಓಲ್ಗಾ ಟೆಲ್ಲಿಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು. ಆದರೆ ಅಧಿಕಾರವಿದೆಯೆಂದ ಮಾತ್ರಕ್ಕೆ ನೋಟೀಸು ಕೊಡದಿರುವುದೇ ನಿಯಮವಾಗಬಾರದು, ಅಹವಾಲು ಕೇಳುವುದೇ ಸಾಮಾನ್ಯ ಕ್ರಮವಾಗಿರಬೇಕು ಎಂದಿತು. ಇದು ಗಲ್ಲೆಯಲ್ಲಿ ಕುಳಿತವನೂ ತಿಳಿದಿರಬೇಕಾದ ಮಾತು.

ಇನ್ನುಳಿದವರು ನಮ್ಮ ವಾಚಕರಲ್ಲಿ ಬಹುಮಂದಿ. ಗುಡ್ಡದ ಮೇಲಿನ ಖೋಲಿಗಳಲ್ಲಿ ಬಾಳುವವರು. ನೆಲ ಅವರದಲ್ಲ. ಫೋಟೋಪಾಸು ವಾಸದ ಖೋಲಿಗೆ ರಕ್ಷಣೆ ಕೊಟ್ಟೀತೇ ಹೊರತು ಮುಂದಿನ ಅಂಗಳವನ್ನು ಕೊಡುವುದಿಲ್ಲ. ಅಲ್ಲಿ ಒಂದು ಮೊಳ ಮುಂದೆ ಬಂದ ಗೋಡೆಯಿಂದ ನೆರೆಯವರ ದಾರಿಯೂ, ರೋಗಿಯನ್ನು ಹೊತ್ತೊಯ್ಯುವ ದಾರಿಯೂ ಕಿರಿದಾಗುತ್ತದೆ.

ಹಾಗಾದರೆ ಪರವಾನಗಿಯೆಂಬುದು ಬರಿಯ ಕಾಗದವೇ? ಅಲ್ಲ. 2019ರ ಜುಲೈ 2ರ ನಸುಕಿನಲ್ಲಿ ಮಲಾಡಿನ ಜಲಾಶಯದ ಆವರಣ ಗೋಡೆ ಕುಸಿದು, ಕೆಳಗಿನ ಗುಡಿಸಲುಗಳಲ್ಲಿ ಮಲಗಿದ್ದ ಇಪ್ಪತ್ತೈದಕ್ಕೂ ಹೆಚ್ಚು ಜನ ಮಡಿದರು. 2021ರ ಜುಲೈ 18ರ ಮಳೆಯಲ್ಲಿ ನಮ್ಮ ಭಾಂಡುಪಿನಲ್ಲಿಯೇ ಅರಣ್ಯ ಇಲಾಖೆಯ ಗೋಡೆ ಬಿದ್ದು ಬಾಲಕನೊಬ್ಬನು ತೀರಿಕೊಂಡನು. ಇಳಿಜಾರಿನ ಗೋಡೆಯ ಹಿಂದೆ ನೀರು ನಿಂತರೆ ಅದರ ಭಾರವು ಇಟ್ಟಿಗೆಯನ್ನು ನೂಕುತ್ತದೆ. ಪಾಯವೆಷ್ಟು ಆಳ, ನೀರು ಹೊರಹೋಗಲು ಕಿಂಡಿಗಳಿವೆಯೇ ಎಂದು ಬಲ್ಲವರು ನೋಡಲಿ ಎಂಬುದೇ ಪರವಾನಗಿಯ ನಿಜವಾದ ಅರ್ಥ.

ಆದರೆ ಮಲಾಡಿನ ಗೋಡೆ ಮುನಿಸಿಪಾಲಿಟಿಯದೇ ಆಗಿತ್ತೆಂಬುದನ್ನು ಮರೆಯಲಾಗದು. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರಾರು? ಹೋಟೆಲಿನ ಕಟಾಂಜನವನ್ನು ಅಳೆಯುವ ಅಧಿಕಾರಿಯು ಸರಕಾರಿ ಗೋಡೆಯ ಬುಡವನ್ನೂ ಮಳೆಗಾಲಕ್ಕೆ ಮುನ್ನ ನೋಡಬೇಕು. ನೋಡಿದುದನ್ನು ಬರೆದು ವಾರ್ಡು ಕಚೇರಿಯ ಹಲಗೆಗೆ ಹಚ್ಚಬೇಕು.

ನಮ್ಮ ಬಂಧುಗಳಿಗೆ ಇಷ್ಟೇ ವಿಜ್ಞಾಪನೆ: ಇಟ್ಟಿಗೆ ತರಿಸುವ ಮೊದಲು ನೆಲ ಯಾರದೆಂದು ತಿಳಿಯಿರಿ; ಅರ್ಜಿ ಕೊಟ್ಟರೆ ಪ್ರತಿಯ ಮೇಲೆ ಮುದ್ರೆ ಒತ್ತಿಸಿಕೊಳ್ಳಿರಿ; ಮನೆಯ ಮೇಲ್ಗಡೆಯ ಗೋಡೆ ಉಬ್ಬಿದ್ದು ಕಂಡರೆ ಬಾಯಿಮಾತಿನಲ್ಲಿ ಬಿಡದೆ ಬರೆದೇ ತಿಳಿಸಿರಿ.