ಹಾಡನ್ನು ಘೋಷಣೆ ಉಳಿಸದು

2015ರ ನವೆಂಬರ್ 4ರಂದು ಒಟ್ಟಾವದಲ್ಲಿ ಜಸ್ಟಿನ್ ಟ್ರುಡೊ ಅವರು ಕೆನಡಾದ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ಸಮಾರಂಭದಲ್ಲಿ ಇಬ್ಬರು ಇನೂಯಿಟ್ ಬಾಲಕಿಯರು ಗಂಟಲುಗಾಯನ ಪ್ರಸ್ತುತಪಡಿಸಿದರು. ಒಂದು ಕಾಲದಲ್ಲಿ ಕ್ರೈಸ್ತ ಮಿಷನರಿಗಳ ವಿರೋಧದಿಂದ ಬಹುತೇಕ ಮೌನವಾಗಿದ್ದ ಕಲೆಗೆ ದೊರೆತ ಈ ಗೌರವ ಸಣ್ಣದಲ್ಲ. ಆದರೆ ಗೌರವ ದೊರೆತ ಮಾತ್ರಕ್ಕೆ ಕಲೆ ಉಳಿಯಿತೆಂದು ಭಾವಿಸುವುದು ಸರ್ಕಾರಗಳ ಹಳೆಯ ಭ್ರಮೆ.

ನಮ್ಮ ಪಠ್ಯಪುಸ್ತಕಗಳು ‘ಎಸ್ಕಿಮೊ’ ಎಂದು ಪರಿಚಯಿಸಿದ್ದ ಈ ಜನರ ‘ಕಟಜ್ಜಕ್’ ಹಾಡೂ ಹೌದು, ಆಟವೂ ಹೌದು. ಇಬ್ಬರು ಮಹಿಳೆಯರು ಎದುರುಬದುರು ನಿಂತು, ಉಸಿರನ್ನು ಒಳಗೆಳೆಯುತ್ತ ಹೊರಬಿಡುತ್ತ, ಗಂಟಲಿನಿಂದ ಲಯಬದ್ಧ ನಾದ ಹೊರಡಿಸುತ್ತಾರೆ. ಒಬ್ಬಳು ಬಿಟ್ಟ ಅಂತರವನ್ನು ಮತ್ತೊಬ್ಬಳು ತುಂಬುತ್ತಾಳೆ. ಗಾಳಿ, ನೀರು, ಹೆಬ್ಬಾತುಗಳ ಸದ್ದು ಅದರಲ್ಲಿ ಅನುಕರಣೆಗೊಳ್ಳುತ್ತವೆ. ಮೊದಲು ನಕ್ಕವಳು ಅಥವಾ ಉಸಿರು ಕಟ್ಟಿದವಳು ಸೋತಂತೆ. ಗಂಡಸರು ಬೇಟೆಗೆ ಹೋದಾಗ ಮನೆಯಲ್ಲಿ ಉಳಿದ ಹೆಂಗಸರ ವಿನೋದವಿದು. ಸೈಬೀರಿಯಾದ ತುವಾ ಪ್ರದೇಶದ ಗಂಟಲುಗಾಯನದಲ್ಲಿ ಒಬ್ಬನೇ ಗಾಯಕ ಏಕಕಾಲಕ್ಕೆ ಎರಡು ಸ್ವರ ಹೊರಡಿಸಬಲ್ಲ. ಸಾಂಪ್ರದಾಯಿಕ ಕಟಜ್ಜಕ್‌ಗೆ ಇಬ್ಬರು ಬೇಕೇ ಬೇಕು.

ಆದ್ದರಿಂದಲೇ ಜನರನ್ನು ಪರಸ್ಪರ ಬೇರ್ಪಡಿಸಿದ ನೀತಿಗಳು ಈ ಕಲೆಯ ಬುಡಕ್ಕೇ ಪೆಟ್ಟು ಕೊಟ್ಟವು. ವಸತಿ ಶಾಲೆಗಳು ಮಕ್ಕಳನ್ನು ಹೆತ್ತವರಿಂದ ಮತ್ತು ಮಾತೃಭಾಷೆಯಿಂದ ದೂರಮಾಡಿದವು. ಕೆನಡಾದ ಸತ್ಯ ಮತ್ತು ಸಂಧಾನ ಆಯೋಗವು 2015ರಲ್ಲಿ ಆ ವ್ಯವಸ್ಥೆಯನ್ನು ಸಾಂಸ್ಕೃತಿಕ ನರಮೇಧವೆಂದೇ ಬಣ್ಣಿಸಿತು. ಇಷ್ಟಾಗಿಯೂ ಹಾಡು ಬದುಕಿದ್ದರೆ, ಅದನ್ನು ನೆನಪಿನಲ್ಲಿಟ್ಟುಕೊಂಡು ಕಿರಿಯರಿಗೆ ಕಲಿಸಿದ ವೃದ್ಧೆಯರೇ ಅದಕ್ಕೆ ಕಾರಣ.

2014ರಲ್ಲಿ ಕ್ವಿಬೆಕ್ ಪ್ರಾಂತ್ಯವು ಕಟಜ್ಜಕ್ ಅನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. ಇಂತಹ ಘೋಷಣೆ ಅಗ್ಗದ ಕೆಲಸ. ಆದೇಶ ಹೊರಬಿದ್ದೊಡನೆ ಕಡತ ಮುಕ್ತಾಯವಾಗುತ್ತದೆ ಎಂಬುದು ಆಡಳಿತದಲ್ಲಿ ದುಡಿದವರೆಲ್ಲರ ಅನುಭವ. ಮಾರುಕಟ್ಟೆಯೇ ಕಲೆಯನ್ನು ಕಾಪಾಡುತ್ತದೆಂಬ ವಾದವೂ ಇದೆ. ಅದೇ ವರ್ಷ ತಾನ್ಯಾ ಟಗಾಕ್ ಅವರ ಗಂಟಲುಗಾಯನದ ಆಲ್ಬಂ ಕೆನಡಾದ ಪ್ರತಿಷ್ಠಿತ ಪೊಲಾರಿಸ್ ಸಂಗೀತ ಪ್ರಶಸ್ತಿ ಗಳಿಸಿದ್ದು ಹೆಮ್ಮೆಯ ಸಂಗತಿಯೇ. ಆದರೆ ವೇದಿಕೆಯ ಬೇಡಿಕೆ ತಾರೆಯರನ್ನು ಸೃಷ್ಟಿಸೀತೇ ಹೊರತು, ಮನೆಯೊಳಗಿನ ಕಲಿಕೆಗೆ ಬೆಲೆ ಕಟ್ಟದು.

ಆ ಕಲಿಕೆಗೆ ಅಜ್ಜಿ ಮೊಮ್ಮಗಳ ನಡುವೆ ಒಂದು ಭಾಷೆಯಾದರೂ ಉಳಿದಿರಬೇಕು. ಇನೂಯಿಟರೇ ಬಹುಸಂಖ್ಯಾತರಾಗಿರುವ ನುನಾವುಟ್ ಪ್ರದೇಶದ ಶಾಸನಸಭೆಯು ಎಲ್ಲ ತರಗತಿಗಳಲ್ಲೂ ಅವರ ನುಡಿಯಲ್ಲಿ ಶಿಕ್ಷಣ ನೀಡುವುದಾಗಿ 2008ರಲ್ಲಿ ಕಾನೂನಿನ ಮೂಲಕ ಮಾತು ಕೊಟ್ಟಿತ್ತು. 2020ರ ತಿದ್ದುಪಡಿ ಅದರ ಗಡುವನ್ನು 2039ಕ್ಕೆ ಮುಂದೂಡಿತು. ಶಿಕ್ಷಕರ ಕೊರತೆ ನಿಜವಿರಬಹುದು. ಆದರೆ ವೃದ್ಧೆಯರ ಆಯುಷ್ಯ ಸರ್ಕಾರಿ ಗಡುವುಗಳಿಗಾಗಿ ಕಾಯುವುದಿಲ್ಲ. ಆ ತಾಯಂದಿರ ಸಮಯಕ್ಕೆ ಸಂಭಾವನೆ, ಶಾಲೆಗಳಲ್ಲಿ ಅವರಿಗೊಂದು ಸ್ಥಾನ, ನುಡಿ ಬಲ್ಲ ಶಿಕ್ಷಕರ ತರಬೇತಿ ಇವಕ್ಕೆ ಹಣ ಮೀಸಲಿಡುವುದೇ ಸರ್ಕಾರ ಈಗ ಮಾಡಬೇಕಾದ ಕೆಲಸ. ಸಮಾರಂಭಗಳ ಖರ್ಚು ಆನಂತರದ್ದು.