ಗೊಬ್ಬರವೂ ಅದನ್ನು ಹೊರುವ ಕೈಗಳೂ

ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ, ಮೂರು ವರ್ಷ ಫಲ ಕೊಡದ ಅಂಜೂರದ ಮರವನ್ನು ಕಡಿದುಹಾಕೆಂದು ಯಜಮಾನನು ಹೇಳಲು, ತೋಟಗಾರನು ಇನ್ನೊಂದು ವರ್ಷದ ಅವಧಿಯನ್ನು ಬೇಡಿ, ಮರದ ಸುತ್ತಲೂ ಅಗೆದು ಗೊಬ್ಬರ ಹಾಕುವುದಾಗಿ ಹೇಳುತ್ತಾನೆ. ಗೊಬ್ಬರದ ಮಹಿಮೆಯನ್ನು ಎಲ್ಲರೂ ಬಲ್ಲರು. ಅದನ್ನು ಹೊರುವ ಕೈಗಳ ಕ್ಷೇಮವನ್ನು ಚಿಂತಿಸುವವರು ವಿರಳ. ನಮ್ಮ ಸೀಮೆಯಲ್ಲಿ ಆ ಕೈಗಳು ಹೆಚ್ಚಾಗಿ ಸ್ತ್ರೀಯರವಾದ್ದರಿಂದ, ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಮಾತನ್ನೆತ್ತುವುದು ಯುಕ್ತವೆಂದು ಭಾವಿಸುತ್ತೇನೆ.

ಹೊಸಪೇಟೆ ಕಂಪ್ಲಿಗಳಲ್ಲಿ ಕಬ್ಬಿನ ರವದಿ, ಹಂಪೆಯ ಸುತ್ತಣ ತೋಟಗಳಲ್ಲಿ ಬಾಳೆಯ ದಿಂಡು, ಸೊಂಡೂರಿನ ಬೆಟ್ಟಗಳ ತಪ್ಪಲಿನಲ್ಲಿ ಉದುರೆಲೆ, ಊರೂರಿನಲ್ಲಿಯೂ ಸಗಣಿ. ಇವುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಇಂಥವನ್ನು ಕ್ರಮವಾಗಿ ಕೊಳೆಯಿಸುವ ವಿಧಾನವನ್ನು ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಎಂಬವರು ರೂಪಿಸಿ 1931ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಇಂಥ ರಾಶಿಯ ಮುಖ್ಯ ಗುಣವು ಅದರ ಕಾವು. ರಾಶಿಯ ಒಡಲು 55 ಡಿಗ್ರಿ ಸೆಂಟಿಗ್ರೇಡಿಗೇರಿ 15 ದಿನ ನಿಂತು, ಅಷ್ಟರೊಳಗೆ ಐದು ಸಲವಾದರೂ ಹೊರಗಿನದನ್ನು ಒಳಕ್ಕೆ ಮಗುಚಿದರೆ, ಭೇದಿ ಮೊದಲಾದ ರೋಗಗಳ ಕ್ರಿಮಿಗಳು ಬಹುಮಟ್ಟಿಗೆ ನಾಶವಾಗುತ್ತವೆ. ಕಾವು ಏರದ ತಿಪ್ಪೆಯಲ್ಲಿ ಅವು ಉಳಿದುಕೊಳ್ಳಬಲ್ಲವು. ಆದಕಾರಣ ಕೊತ್ತಂಬರಿ, ಮೂಲಂಗಿಗಳಂತೆ ಹಸಿಯಾಗಿ ತಿನ್ನುವವುಗಳ ಮಡಿಗೆ ಹಸಿ ಸಗಣಿಯನ್ನು ಹಾಕಲಾಗದು.

ಆದರೂ ಕಾವಿಗೆ ಮಣಿಯದ ಶತ್ರು ಒಂದುಂಟು. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿಯೂ ಸಗಣಿ ಲದ್ದಿಗಳಲ್ಲಿಯೂ ಬಹುಕಾಲ ಬದುಕಿದ್ದು, ಮುಳ್ಳೋ ಗಾಜಿನ ಚೂರೋ ಚುಚ್ಚಿದ ಸಣ್ಣ ಗಾಯದ ಮೂಲಕ ಒಡಲನ್ನು ಸೇರುತ್ತವೆ. ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯುವನ್ನು ಭಾರತವು ನಿವಾರಿಸಿತೆಂದು 2015ರಲ್ಲಿ ಮಾನ್ಯತೆ ದೊರೆಯಿತು. ಅದು ಲಸಿಕೆಯ ಜಯ. ಮಣ್ಣು ಮಾತ್ರ ಹಿಂದಿನಂತೆಯೇ ಇದೆ.

ನಮ್ಮ ಅಜ್ಜಿಯರು ಬರಿಗೈಯಿಂದಲೇ ತಿಪ್ಪೆಯನ್ನು ಎತ್ತಲಿಲ್ಲವೇ ಎಂದು ಕೆಲವರು ಕೇಳುವರು. ಎತ್ತಿದರು, ನಿಜ. ಆದರೆ ಸುಖವಾಗಿ ಬಾಳಿದವರ ಮಾತೇ ನಮಗೆ ಕೇಳಿಸುತ್ತದೆ. ಧನುರ್ವಾಯುವಿಗೆ ತುತ್ತಾದವರು ಬಂದು ಸಾಕ್ಷಿ ನುಡಿಯಲಾರರು. ಬಡತನದಿಂದ ಬಂದ ಅಭ್ಯಾಸವನ್ನು ಹಿರಿಯರ ವಿವೇಕವೆಂದು ಕರೆಯುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

ಆದುದರಿಂದ ಶಾಲೆಯ ತೋಟದಲ್ಲಿ ಗುಂಡಿ ತೋಡುವ ಮುನ್ನವೇ ಎಚ್ಚರಿಕೆಯ ಪಾಠವು ನಡೆಯಬೇಕೆಂಬುದು ನನ್ನ ಅಭಿಪ್ರಾಯ. 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಟಿಡಿ ಚುಚ್ಚುಮದ್ದು ಪ್ರತಿಯೊಬ್ಬ ವಿದ್ಯಾರ್ಥಿನಿಗೂ ಆಗಿದೆಯೇ ಎಂದು ವಿಚಾರಿಸಬೇಕು. ಕೈಗವಸನ್ನೂ ಪಾದರಕ್ಷೆಯನ್ನೂ ಸಲಿಕೆ ಬುಟ್ಟಿಗಳಷ್ಟೇ ಅವಶ್ಯವೆಂದೆಣಿಸಬೇಕು. ಬೂಷ್ಟು ಹಿಡಿದ ಒಣ ಕಬ್ಬಿನ ಸಿಪ್ಪೆಯ ದೂಳು ಶ್ವಾಸಕೋಶವನ್ನು ಕೆಡಿಸಬಲ್ಲದಾದ್ದರಿಂದ, ರಾಶಿಯನ್ನು ನೀರು ಚಿಮುಕಿಸಿ ಮಗುಚಬೇಕು. ಉಬ್ಬಸವುಳ್ಳವರನ್ನು ಆ ಕೆಲಸಕ್ಕೆ ಹಚ್ಚಬಾರದು. ಹಾವು ಚೇಳುಗಳು ಅಡಗಿರಬಹುದಾದ್ದರಿಂದ ಮೊದಲು ಕೋಲಿನಿಂದ ಕೆದಕಿ ನೋಡಬೇಕು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈತೊಳೆಯದೆ ಬುತ್ತಿಯನ್ನು ಮುಟ್ಟಕೂಡದು.

ಸಹೋದರಿಯರೇ, ಇವೆಲ್ಲ ಅಲ್ಪ ವೆಚ್ಚದ ಕಾರ್ಯಗಳು. ಫಲವಿಲ್ಲದ ಮರದ ಮೇಲೆಯೂ ಅಷ್ಟು ಕನಿಕರ ತೋರಿದ ತೋಟಗಾರನ ಕಥೆಯನ್ನು ಓದುವ ನಾವು, ಗೊಬ್ಬರ ಹೊರುವ ತಾಯಂದಿರ ಮತ್ತು ಮಕ್ಕಳ ಮೇಲೆ ಅದಕ್ಕಿಂತ ಕಡಿಮೆ ಕನಿಕರ ತೋರುವುದು ತರವೇ?