ಎಂಜಿನ್ ತಾಳಬಹುದು, ಗೇರ್‌ಬಾಕ್ಸ್ ತಾಳುತ್ತದೆಯೇ?

ನಮ್ಮ ಹುಡುಗರು ನಾಲ್ಕು ಮಂದಿ ಸೇರಿದಲ್ಲಿ ಈಗ ರೀಮ್ಯಾಪ್‌ನ ಮಾತು ಬಾರದೆ ಇರುವುದಿಲ್ಲ. ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಒಂದೆರಡು ಗಂಟೆ ಕಾದರೆ ಇಷ್ಟು ಅಶ್ವಶಕ್ತಿ ಹೆಚ್ಚು ಎಂಬ ಜಾಹೀರಾತು ಎಲ್ಲರ ಮೊಬೈಲಿನಲ್ಲೂ ಇದೆ. ಮನೆಯ ಹಿರಿಯರು "ಅದೆಲ್ಲ ಹುಚ್ಚು" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ನನಗೆ ಎರಡೂ ಕಡೆಯ ಮಾತು ಒಪ್ಪಿಗೆಯಾಗುವುದಿಲ್ಲ. ದಿನಾ ಓಡಿಸುವ ಟರ್ಬೊ ಕಾರಿನಿಂದ ಸ್ವಲ್ಪ ಹೆಚ್ಚು ಶಕ್ತಿ ಪಡೆಯುವುದು ಹುಚ್ಚಲ್ಲ. ಆದರೆ ಎಷ್ಟು ಪಡೆಯಬಹುದು ಎಂದು ಎಂಜಿನನ್ನು ಕೇಳಬಾರದು, ಅದಕ್ಕೆ ಜೋಡಿಸಿದ ಗೇರ್‌ಬಾಕ್ಸನ್ನು ಕೇಳಬೇಕು.

ಒಂದು ಕಾರನ್ನೇ ತೆಗೆದುಕೊಳ್ಳೋಣ: ಸ್ಕೋಡಾ ಸುಪರ್ಬ್ 1.8 ಟಿಎಸ್‌ಐ, 180 ಪಿಎಸ್‌ನದ್ದು. ಯುರೋಪಿನಲ್ಲಿ ದುಡಿಯುವವರಿಗೆ ಅದರ ಕಾಂಬಿ, ಅಂದರೆ ಸ್ಟೇಷನ್ ವ್ಯಾಗನ್, ಚೆನ್ನಾಗಿ ಗೊತ್ತು. ಹಿಂದೆ 660 ಲೀಟರ್ ಜಾಗ. ಮಕ್ಕಳ ಗಾಡಿ, ಅಂಗಡಿ ಸಾಮಾನು, ವಿಮಾನ ನಿಲ್ದಾಣಕ್ಕೆ ಒಯ್ಯುವ ಸೂಟ್‌ಕೇಸ್ ಎಲ್ಲ ಹಿಡಿಸುತ್ತದೆ. ನಮ್ಮ ಊರಿಗೆ 2016ರಲ್ಲಿ ಬಂದದ್ದು ಅದೇ ಎಂಜಿನ್‌ನ ಸೆಡಾನ್. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟುಕುವ ಬೆಲೆಗೆ ಸಿಗುವುದರಿಂದ ಹುಡುಗರ ಕಣ್ಣು ಅದರ ಮೇಲೆ.

ಈ ಕಾರಿನ ಕಾಗದಪತ್ರದಲ್ಲೇ ಒಂದು ಪಾಠವಿದೆ. ಮ್ಯಾನುವಲ್ ಗೇರ್‌ನ ಕಾರಿಗೆ ಕಂಪನಿ ಕೊಟ್ಟ ಟಾರ್ಕ್ 320 ನ್ಯೂಟನ್ ಮೀಟರ್. ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಕಾರಿಗೆ ಕೊಟ್ಟದ್ದು 250 ಮಾತ್ರ. ಎಂಜಿನ್ ಒಂದೇ, ಅಶ್ವಶಕ್ತಿಯೂ ಒಂದೇ 180. ಹಾಗಿದ್ದರೆ 70 ನ್ಯೂಟನ್ ಮೀಟರ್ ಎಲ್ಲಿ ಹೋಯಿತು? ಆ ಏಳು ಗೇರಿನ ಪೆಟ್ಟಿಗೆ, ಡಿಕ್ಯು200 ಎಂದು ಅದರ ಹೆಸರು, ಒಣ ಕ್ಲಚ್‌ನದ್ದು. ಅದು ತಾಳುವ ಮಿತಿಯೇ 250. ಎಂಜಿನ್‌ಗೆ ಹೆಚ್ಚು ಕೊಡುವ ತಾಕತ್ತಿದ್ದರೂ ಕಂಪನಿಯೇ ಸಾಫ್ಟ್‌ವೇರ್‌ನಲ್ಲಿ ಅದರ ಕೈ ಕಟ್ಟಿದೆ. ಅಶ್ವಶಕ್ತಿ ಕಡಿಮೆಯಾಗದಿರಲು ಕಾರಣ ಸರಳ. ಅಶ್ವಶಕ್ತಿ ಎಂದರೆ ಟಾರ್ಕನ್ನು ಎಂಜಿನ್ ತಿರುಗುವ ವೇಗದಿಂದ ಗುಣಿಸಿದ ಲೆಕ್ಕ. 5,000 ಸುತ್ತಿನಲ್ಲಿ 250 ನ್ಯೂಟನ್ ಮೀಟರ್ ಇದ್ದರೆ 180ರ ಹತ್ತಿರ ಬಂದೇ ಬರುತ್ತದೆ.

ರೀಮ್ಯಾಪ್ ಮಾಡುವವನು ಬಿಚ್ಚುವುದು ಕಂಪನಿ ಕಟ್ಟಿದ ಈ ಕೈಯನ್ನೇ. ಟರ್ಬೊದ ಒತ್ತಡ ಏರಿಸಿ, ಸ್ಪಾರ್ಕ್‌ನ ಸಮಯ ಬದಲಿಸಿ, ಟಾರ್ಕ್‌ನ ಮಿತಿ ಸಡಿಲಿಸುತ್ತಾನೆ. ಶೇಕಡಾ 25 ಹೆಚ್ಚು ಎಂದರೆ ಡಿಎಸ್‌ಜಿ ಕಾರಿನಲ್ಲಿ 310ರ ಆಸುಪಾಸು. ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದವನಿಗೆ ಅದು ಸಕ್ಕರೆಯಂತೆ ಹಿತ. ಆದರೆ ಮಂಜೇಶ್ವರದಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವವನ ಕಾರು ಸಂಜೆ ಪಂಪ್‌ವೆಲ್, ತೊಕ್ಕೊಟ್ಟಿನ ಸಾಲಿನಲ್ಲಿ ಇಂಚಿಂಚು ತೆವಳುತ್ತದೆ. ಒಣ ಕ್ಲಚ್ ಬಿಸಿಯಾಗುವುದೇ ಅಲ್ಲಿ. ತಂಪು ಮಾಡಲು ಸುತ್ತ ಎಣ್ಣೆಯೂ ಇಲ್ಲ. ಆ ಕ್ಲಚ್‌ಗೆ ಮಿತಿ ಮೀರಿದ ಟಾರ್ಕನ್ನೂ ಹೊರಿಸಿದರೆ ಖರ್ಚು ಎಂದೋ ಒಂದು ದಿನ ಬರುತ್ತದೆ. ಆ ಖರ್ಚಿನ ಮುಂದೆ ರೀಮ್ಯಾಪ್‌ಗೆ ಕೊಟ್ಟ ಹಣ ಚಿಲ್ಲರೆ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿದೆ. ಮ್ಯಾನುವಲ್ ಕಾರಿಗೆ ಸಣ್ಣ ರೀಮ್ಯಾಪ್ ಆಗಬಹುದು. ಡಿಕ್ಯು200 ಇರುವ ಕಾರಿಗೆ ಬೇಡ. ಕೊಳ್ಳುವ ಮೊದಲೇ ಹೆಚ್ಚು ಶಕ್ತಿ ಬೇಕು ಎಂದು ಗೊತ್ತಿದ್ದರೆ, ಯುರೋಪಿನಲ್ಲಿರುವವರು 2.0 ಟಿಎಸ್‌ಐ 220 ಪಿಎಸ್ ಕಾಂಬಿಯನ್ನೇ ಹುಡುಕಲಿ. ಅದರ ಆರು ಗೇರಿನ ಡಿಎಸ್‌ಜಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ನದ್ದು, 350 ನ್ಯೂಟನ್ ಮೀಟರ್‌ಗೆ ಕಂಪನಿಯೇ ಒಪ್ಪಿದ್ದು. ಅದರ ಎಣ್ಣೆಯನ್ನು 60,000 ಕಿಲೋಮೀಟರ್‌ಗೆ ಬದಲಿಸಿದ ರಸೀದಿ ಇಲ್ಲದಿದ್ದರೆ ಮಾತ್ರ ಆ ಕಾರನ್ನು ಮುಟ್ಟಬೇಡಿ.

ರೀಮ್ಯಾಪ್‌ಗೆ ಮೊದಲು ಆಗಬೇಕಾದ ಕೆಲಸಗಳು ಯಾರಿಗೂ ರುಚಿಸುವುದಿಲ್ಲ, ಏಕೆಂದರೆ ಅವುಗಳ ವಿಡಿಯೋ ಮಾಡಲಾಗದು. ಎಷ್ಟೋ ಕಾರುಗಳು "ಎಳೆಯುವುದಿಲ್ಲ" ಎನ್ನುವುದು ಸವೆದ ಸ್ಪಾರ್ಕ್ ಪ್ಲಗ್‌ನಿಂದ, ಕೈಕೊಡುತ್ತಿರುವ ಕಾಯಿಲ್‌ನಿಂದ, ಟರ್ಬೊದ ರಬ್ಬರ್ ಪೈಪಿನ ಸಣ್ಣ ಬಿರುಕಿನಿಂದ. ಈ ಎಂಜಿನ್‌ನ ಪ್ಲಾಸ್ಟಿಕ್ ವಾಟರ್ ಪಂಪ್ ಸೋರುವುದೂ ಗೊತ್ತಿರುವ ಸಂಗತಿಯೇ. ಅವೆಲ್ಲ ಸರಿಯಾದ ಮೇಲೆ ಕಾರು ಕಳೆದುಕೊಂಡಿದ್ದ ಶಕ್ತಿಯೇ ಮರಳಿ ಬರುತ್ತದೆ. ಅರ್ಧ ಮಂದಿಗೆ ಅಲ್ಲಿಗೇ ತೃಪ್ತಿಯಾದೀತು.

ಆಮೇಲೆ ಬ್ರೇಕ್ ಮತ್ತು ಟೈರು. ಇಲ್ಲಿ ನಾನು ಯಾರ ಜೊತೆಗೂ ರಾಜಿಯಾಗುವುದಿಲ್ಲ. ವೇಗ 80ರಿಂದ 100ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಕಾರಿನಲ್ಲಿ ಉಮ್ಮ, ಬಾಪ, ಹಿಂದೆ ಮೂರು ಮಕ್ಕಳು, ಡಿಕ್ಕಿ ತುಂಬ ಸಾಮಾನು, ಹೊರಗೆ ಆಟಿಯ ಮಳೆ. ಆಗ ಲೆಕ್ಕಕ್ಕೆ ಬರುವುದು ನಿಲ್ಲುವ ತಾಕತ್ತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಗುಂಡಿ ಆಳವಾಗಿ ಕಂಡರೂ ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯಲ್ಲಂತೂ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಪೆಟ್ರೋಲಿನ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಯುರೋಪಿನ 98 ಆಕ್ಟೇನ್‌ಗೆ ಬರೆದ ಫೈಲನ್ನು ಇಲ್ಲಿಯ ಸಾದಾ ಪಂಪಿನ ಪೆಟ್ರೋಲಿಗೆ ಹಾಕಿದರೆ ಎಂಜಿನ್ ನಾಕ್ ಹೊಡೆಯಲು ಹೊರಡುತ್ತದೆ. ಸೆನ್ಸರ್ ಅದನ್ನು ಹಿಡಿದು ಸ್ಪಾರ್ಕನ್ನು ಹಿಂದಕ್ಕೆ ಎಳೆಯುತ್ತದೆ, ಹಣ ಕೊಟ್ಟು ಪಡೆದ ಶಕ್ತಿ ಅಲ್ಲೇ ಮಾಯ. ದುಬೈಯಲ್ಲಿ 95, 98 ಎರಡೂ ಸುಲಭವಾಗಿ ಸಿಗುತ್ತವೆ, ನಿಜ. ಆದರೆ ಅಲ್ಲಿ ಜುಲೈಯ ಬಿಸಿಲಿಗೆ ಇಂಟರ್‌ಕೂಲರ್ ಕಾದು ಅದೇ ಕಥೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ನೇರ ಪೈಪ್ ಹಾಕುವುದರ ಬಗ್ಗೆ, ಸೈಲೆನ್ಸರ್‌ನಲ್ಲಿ ಪಟಾಕಿ ಹೊಡೆಸುವುದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಇಶಾ ಆದ ಮೇಲೆ ಮಲಗಿದ ಊರನ್ನು ಎಬ್ಬಿಸುವುದಕ್ಕೆ ಅಪ್‌ಗ್ರೇಡ್ ಎಂಬ ಹೆಸರು ಯಾಕೆ?

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಕಾರನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದಿಂದ ಹೋದ ಪ್ರಕರಣದಲ್ಲೇ, ಇದನ್ನು ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಜರ್ಮನಿಯಲ್ಲಿ ಹೆಚ್ಚಿಸಿದ ಶಕ್ತಿಯನ್ನು ಪರೀಕ್ಷೆ ಮಾಡಿಸಿ ದಾಖಲೆಯಲ್ಲಿ ಬರೆಸಬೇಕು. ಬ್ರಿಟನ್ನಿನಲ್ಲಿ ವಿಮೆಯವರಿಗೆ ತಿಳಿಸಬೇಕು. ಎಲ್ಲಿದ್ದರೂ ವಿಮೆಯವರಿಂದ ಮುಚ್ಚಿಟ್ಟರೆ ಅಪಘಾತದ ದಿನ ಕ್ಲೈಮ್‌ಗೆ ಕುತ್ತು. ಆಗ ಆಸ್ಪತ್ರೆಯ ವರಾಂಡದಲ್ಲಿ ಕೂತು ಫೋನ್ ಮಾಡುವವರು ಮನೆಯವರು, ಟ್ಯೂನರ್ ಅಲ್ಲ.

ಇಷ್ಟೆಲ್ಲ ನೋಡಿಯೂ ಮ್ಯಾನುವಲ್ ಕಾರಿಗೆ, ಬರಹದಲ್ಲಿ ಅನುಮತಿ ಪಡೆದು, ರೀಮ್ಯಾಪ್ ಮಾಡಿಸುವವರು ಹಳೆಯ ಫೈಲಿನ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಸರ್ವಿಸ್ ಸೆಂಟರ್‌ನವರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಹೊಸ ಮ್ಯಾಪ್ ಅಳಿಸಿಹೋಗಬಹುದು, ಅದನ್ನೂ ಮೊದಲೇ ಮಾತಾಡಿ. ಮುಂದೆ ಕಾರು ಮಾರುವಾಗ ಹಳೆಯ ಫೈಲನ್ನೇ ಹಾಕಿ, ಕೊಳ್ಳುವವನಿಗೂ ನಡೆದದ್ದನ್ನು ಹೇಳಿ.